ರೆಂಡರಿಗೆ ಹಾಕಿದ ಮದುವೆ

"ನಾನಲ್ಲ ಅತ್ತೆ! ದೇವರಾಣೆ ನಾನಲ್ಲ!"

ಮಂಡಕ್ಕಿ ತಿನ್ನುತ್ತಿದ್ದ ರಶ್ಮಿ ಬಟ್ಟಲು ಹಿಡಿದೇ ಎದ್ದು ನಿಂತಳು. ಎದುರಿಗೆ ಸುನೀತತ್ತೆ. ಹರಿಹರದಿಂದ ಈಗಷ್ಟೇ ಬಂದು ನೇರ ರೂಮಿಗೆ ಹೋಗಿ ಲ್ಯಾಪ್‌ಟಾಪು ನೋಡಿದವಳು, ಹೆಗಲ ಬ್ಯಾಗನ್ನೂ ಇಳಿಸಿರಲಿಲ್ಲ.

"ನೀನೂ ಅಲ್ಲ, ಅಜ್ಜಿನೂ ಅಲ್ಲ. ಹಂಗಾರೆ ಲ್ಯಾಪ್‌ಟಾಪಿಗೆ ತಾನೇ ಬೇಜಾರಾಗಿ ಆಫ್ ಆಯ್ತೇನು?"

"ನಂಗೇನು ಗೊತ್ತು?"

"ನಿನ್ನೆ ಗಂಡು ತಾಳಿ ಕೈಗೆ ತಗೊಂಡಿದ್ದ, ಅಲ್ಲಿಗೇ ನಿಂತಿತ್ತು. ಇವತ್ತು ಇನ್ನೂ ಮೆರವಣಿಗ್ಯಾಗೆ ಅದಾನೆ. ಮಂಟಪಕ್ಕೇ ಬಂದಿಲ್ಲ!"

ಇದು ನಿಜವಾದ ಮದುವೆಯ ಮಾತಲ್ಲ, ಮದುವೆ ವಿಡಿಯೋದ ಮಾತು. ರಶ್ಮಿಯ ಅಪ್ಪನ ತಂಗಿ ಸುನೀತಾ ಹರಿಹರದ ಒಂದು ಫೋಟೋ ಸ್ಟುಡಿಯೋದಲ್ಲಿ ಕೆಲಸ ಮಾಡುತ್ತಾಳೆ. ಬೆಳಗ್ಗೆ ದಾವಣಗೆರೆಯ ಮನೆಯಲ್ಲೇ ಕೂತು ವಿಡಿಯೋ ಎಡಿಟ್ ಮಾಡುವುದು, ಮಧ್ಯಾಹ್ನ ಬಸ್ಸು ಹತ್ತಿ ಸ್ಟುಡಿಯೋಗೆ ಹೋಗುವುದು. ಎಡಿಟ್ ಮುಗಿದ ಮೇಲೆ ತುಂಡುಗಳು, ಹಾಡುಗಳು, ಬಣ್ಣಗಳು ಎಲ್ಲ ಸೇರಿ ಒಂದೇ ಸಿನಿಮಾ ಆಗಬೇಕಲ್ಲ, ಅದಕ್ಕೆ ರೆಂಡರ್ ಎನ್ನುತ್ತಾರೆ. ಲ್ಯಾಪ್‌ಟಾಪು ತಾನೇ ಮಾಡಿಕೊಳ್ಳುತ್ತದೆ. ಮೂರು ತಾಸು ಬೇಕು, ನಡುವೆ ಆಫ್ ಆದರೆ ಮತ್ತೆ ಮೊದಲಿನಿಂದ ಶುರು.

ಆ ಲ್ಯಾಪ್‌ಟಾಪೋ, ಹೆಸರಿಗೆ ಮಾತ್ರ ಲ್ಯಾಪ್‌ಟಾಪು. ತೊಡೆಯ ಮೇಲಿಟ್ಟುಕೊಂಡರೆ ಹತ್ತು ನಿಮಿಷಕ್ಕೆ ತೊಡೆ ಬೇಯುತ್ತದೆ. ಇಂಜಿನಿಯರಿಂಗ್ ಮುಗಿಸಿ ಊರಿಗೆ ಹೊರಟಿದ್ದ ಹುಡುಗನೊಬ್ಬನಿಂದ ಅತ್ತೆ ಅದನ್ನು ಸೆಕೆಂಡ್‌ಹ್ಯಾಂಡ್ ತಂದಿದ್ದಳು. ಗೇಮ್ ಆಡುವವರಿಗೆಂದೇ ಮಾಡಿದ ಗಟ್ಟಿ ಮಷೀನು. ಮುಚ್ಚಳದ ಮೇಲೆ ಬಾಯಿ ಕಳೆದ ಡ್ರ್ಯಾಗನ್, ಅಕ್ಷರಗಳ ಕೆಳಗೆ ಕೆಂಪು ಹಸಿರು ಲೈಟು. ಚಾರ್ಜರ್ ಒಂದು ಇಟ್ಟಿಗೆಯಷ್ಟು. ಚಾರ್ಜರ್ ಕಿತ್ತರೆ ಮುಕ್ಕಾಲು ತಾಸಿಗೆ ಮಷೀನು ಮಲಗುತ್ತದೆ. ಅದು ಬಂದ ದಿನವೇ ಟೇಬಲ್ ಮೇಲಿದ್ದ ರಶ್ಮಿಯ ಪುಸ್ತಕಗಳು ನೆಲಕ್ಕಿಳಿದವು.

ಇನ್ನು ಅದರ ಸದ್ದು! ರೆಂಡರ್ ಶುರುವಾದರೆ ಒಳಗಿನ ಫ್ಯಾನು ಗುಂಯ್ ಎಂದು ಏಳುತ್ತದೆ, ಟೇಬಲ್ ಕೂಡ ಸಣ್ಣಗೆ ನಡುಗುತ್ತದೆ. ರಾತ್ರಿ ಅದನ್ನು ಹಾಕಿದರೆ ಮನೆಯಲ್ಲಿ ಯಾರಿಗೂ ನಿದ್ದೆ ಇಲ್ಲ ಎಂದು ರಶ್ಮಿಯ ಅಪ್ಪ ಹೇಳಿಬಿಟ್ಟಿದ್ದರು. ಹಾಗಾಗಿ ಅತ್ತೆ ಮಧ್ಯಾಹ್ನ ರೆಂಡರಿಗೆ ಹಾಕಿ ಹರಿಹರಕ್ಕೆ ಹೋಗುತ್ತಿದ್ದಳು.

"ಅವ್ವಾ, ನೀನಾದ್ರೂ ನೋಡಿದ್ಯೇನು?" ಅತ್ತೆ ಅಡುಗೆಮನೆಯ ಕಡೆ ಕೂಗಿದಳು.

ಸುಗ್ಗಿ ಮುಗಿಸಿಕೊಂಡು ಊರು ನಂದಿಗುಡಿಯಿಂದ ಈ ವಾರವಷ್ಟೇ ಬಂದಿದ್ದ ಅಂಜಿನವ್ವಜ್ಜಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು.

"ನಾ ಅದರ ಮೈ ಮುಟ್ಟಿಲ್ಲವ್ವ. ಒಂದು ಗುಂಡಿ ಒತ್ತಿದ್ರೆ ಕೇಳು. ಇವತ್ತೂ ಆಗ್ಲಿಲ್ಲೇನು?"

"ಅರ್ಧಕ್ಕೇ ನಿಂತೈತೆ."

"ಈ ಥಂಡಿಗೆ ಎಲ್ಲಿ ಆಗ್ತೈತೆ ಬಿಡು," ಎಂದು ಅಜ್ಜಿ ನಿಟ್ಟುಸಿರು ಬಿಟ್ಟು ಒಳಗೆ ಹೋದಳು. ಅಜ್ಜಿಯ ಮಾತಿಗೆ ಯಾರೂ ಕಿವಿ ಕೊಡಲಿಲ್ಲ.

ಅತ್ತೆ ರಿಪೇರಿ ಅಂಗಡಿಯವನಿಗೆ ಫೋನ್ ಹಚ್ಚಿದಳು. ಬುಧವಾರ ಅವನು, "ಬಿಸಿ ಆಗಿ ಆಫ್ ಆಗಿರ್ಬೇಕು ಮೇಡಂ, ಕೆಳಗೆ ಗಾಳಿ ಆಡೋ ಹಂಗೆ ಎತ್ತರದಾಗೆ ಇಡ್ರಿ," ಎಂದಿದ್ದ. ಅತ್ತೆ ನಾಲ್ಕು ಮೂಲೆಗೆ ನಾಲ್ಕು ಸ್ಟೀಲ್ ಬಟ್ಟಲು ಬೋರಲು ಹಾಕಿ ಅದರ ಮೇಲೆ ಲ್ಯಾಪ್‌ಟಾಪು ಇಟ್ಟಿದ್ದಳು. ಈಗ ಅವನು ಕೇಳಿದ್ದು ಒಂದೇ ಪ್ರಶ್ನೆ. ಸ್ಪೀಕರಿನಲ್ಲಿ ರಶ್ಮಿಗೂ ಕೇಳಿಸಿತು.

"ಮನ್ಯಾಗೆ ಚಿಕ್ಕ ಮಕ್ಕಳು ಅದಾರೇನ್ರಿ?"

ಅತ್ತೆ ಫೋನ್ ಇಟ್ಟು ರಶ್ಮಿಯ ಮುಖ ನೋಡಿದಳು. ಬೈದಿದ್ದರೇ ಚೆನ್ನಾಗಿತ್ತು ಎನ್ನಿಸಿತು ರಶ್ಮಿಗೆ.

ಅತ್ತೆಗೆ ಅನುಮಾನ ಬರಲು ಕಾರಣವೂ ಇತ್ತು. ದೀಪಾವಳಿ ರಜೆಯಲ್ಲಿ ಅತ್ತೆ ಸ್ನಾನಕ್ಕೆ ಹೋಗಿದ್ದಾಗ ರಶ್ಮಿ ಕದ್ದು ಕಾರ್ ರೇಸ್ ಆಡಿದ್ದಳು. ಕೇಳಿದರೆ "ಇಲ್ಲಪ್ಪ" ಎಂದು ಸುಳ್ಳು ಹೇಳಿದ್ದಳು. ಸ್ಕ್ರೀನಿನ ಮೇಲೆ ಕಾರು ಇನ್ನೂ ಓಡುತ್ತಿತ್ತು! ಒಂದು ಸಲ ಹಾಲು ಕದ್ದ ಬೆಕ್ಕಿನ ಕಡೆಗೇ ಎಲ್ಲರ ಕಣ್ಣು.

"ಇವತ್ತಿಂದ ಆ ರೂಮಿಗೆ ಕಾಲಿಡಬ್ಯಾಡ," ಎಂದಳು ಅತ್ತೆ. "ಭಾನುವಾರ ಹರಿಹರಕ್ಕೂ ಬರೋದು ಬ್ಯಾಡ."

ರಶ್ಮಿ ಬಟ್ಟಲನ್ನು ಕೆಳಗಿಟ್ಟಳು. ಭಾನುವಾರ ಹರಿಹರದ ಮದುವೆಮನೆಯವರೆಲ್ಲ ಸೇರಿ ದೊಡ್ಡ ಟಿವಿಯಲ್ಲಿ ವಿಡಿಯೋ ನೋಡುವವರಿದ್ದರು. ಅದರಲ್ಲಿ ರಶ್ಮಿ ಹುಡುಕಿದ್ದ ತುಂಡೊಂದಿತ್ತು. ಗಂಡಿನ ಅಜ್ಜ ಊಟದ ಎಲೆಯ ಮುಂದೆ ಕೂತೇ ನಿದ್ದೆ ಹೋಗುತ್ತಾನೆ, ಬಡಿಸುವವನು ಅವನ ಎಲೆಗೆ ಹೋಳಿಗೆ ಹಾಕುತ್ತಲೇ ಇರುತ್ತಾನೆ. ಅತ್ತೆಯ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತಿದ್ದಾಗ ಅದನ್ನು ಕಂಡು, "ಅತ್ತೆ, ಇದು ಇರ್ಲಿ!" ಎಂದವಳು ರಶ್ಮಿಯೇ. "ಭಲೇ, ನಿಂಗೆ ಕಣ್ಣೈತೆ ಕಣೆ," ಎಂದು ಅತ್ತೆ ಆ ದಿನ ಬೆನ್ನು ತಟ್ಟಿದ್ದಳು. ಆ ಸ್ಟೂಲು ಈಗ ಅಡುಗೆಮನೆಗೆ ಹೋಗಿತ್ತು.

ಹರಿಹರ ತಪ್ಪಿದರೆ ತಪ್ಪಲಿ, ಆ ಸ್ಟೂಲು ವಾಪಸು ಬೇಕಿತ್ತು ಅವಳಿಗೆ. ಅದಕ್ಕೆ ಕಳ್ಳರನ್ನು ಹಿಡಿಯಲೇಬೇಕು.

ಯಾರಿರಬಹುದು? ಅಪ್ಪ ಅಮ್ಮ ಕೆಲಸದಿಂದ ಬರುವುದೇ ಏಳು ಗಂಟೆಗೆ. ಅಜ್ಜಿಗೆ ಮೊಬೈಲು ಎತ್ತಲೂ ಬರುವುದಿಲ್ಲ. ಉಳಿದವಳು ಮಹಡಿಯ ಮೇಲಿನ ಮನೆಯ ಅಂಬಿಕಾ. ಆರನೇ ಕ್ಲಾಸು, ರಶ್ಮಿಯ ಜೀವದ ಗೆಳತಿ. ಅವಳ ಸ್ಕೂಲು ಬೇರೆ, ಮೂರಕ್ಕೇ ಬಿಡುತ್ತದೆ. "ಒಂದೇ ಒಂದು ರೌಂಡು ರೇಸ್ ಆಡ್ತೀನಿ ಕಣೆ, ನಿಮ್ಮತ್ತೆಗೆ ಗೊತ್ತಾಗಲ್ಲ," ಎಂದು ಎಷ್ಟು ಸಲ ಗೋಗರೆದಿರಲಿಲ್ಲ ಅವಳು?

ಅನುಮಾನ ಒಮ್ಮೆ ಹೊಕ್ಕರೆ ಕಂಡದ್ದೆಲ್ಲ ಸಾಕ್ಷಿಯೇ. ಸಂಜೆ ಅಂಬಿಕಾ ನಕ್ಕರೆ, ಯಾಕೆ ನಕ್ಕಳು? ನಗದಿದ್ದರೆ, ಯಾಕೆ ಮುಖ ತಪ್ಪಿಸಿದಳು?

ಶುಕ್ರವಾರ ಸ್ಕೂಲಿಗೆ ಹೊರಡುವ ಮುನ್ನ ರಶ್ಮಿ ಆ ರೂಮಿನ ಹೊಸ್ತಿಲ ಮೇಲೆ ರಂಗೋಲಿ ಪುಡಿಯನ್ನು ತೆಳ್ಳಗೆ ಉದುರಿಸಿದಳು. ಯಾರೇ ಬರಲಿ, ಹೆಜ್ಜೆ ಮೂಡಲೇಬೇಕು! ಸಂಜೆ ಓಡೋಡಿ ಬಂದು ನೋಡಿದರೆ ಹೊಸ್ತಿಲು ಫಳಫಳ ಹೊಳೆಯುತ್ತಿತ್ತು.

"ಯಾರೋ ಪುಡಿ ಚೆಲ್ಲಿದ್ರು, ಒರೆಸಿದೆ," ಎಂದಳು ಅಜ್ಜಿ.

ಆ ಸಂಜೆ ಅತ್ತೆ ಬಂದು ನೋಡಿದಾಗ ಮದುವೆ ಇನ್ನೂ ಹಿಂದಕ್ಕೆ ಹೋಗಿತ್ತು. ಮದುಮಗಳ ಒಂದು ಕೆನ್ನೆಗೆ ಅರಿಶಿಣ ಹಚ್ಚಿದ್ದರು, ಇನ್ನೊಂದು ಕೆನ್ನೆ ಹಾಗೇ ಇತ್ತು. ಅಲ್ಲಿಗೇ ಎಲ್ಲ ಬಂದ್.

"ನಾನಲ್ಲ ಅತ್ತೆ," ಎಂದಳು ರಶ್ಮಿ ಮೆಲ್ಲಗೆ.

ಅತ್ತೆ ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. "ನಾಳೆ ಒಂದೇ ದಿನ ಉಳಿದೈತೆ," ಎಂದು ತನ್ನಷ್ಟಕ್ಕೆ ಹೇಳಿಕೊಂಡಳು. ಬಾಗಿಲಿಗೆ ಬೀಗ ಹಾಕೋಣವೆಂದರೆ ದೇವರ ಜಗಲಿಯೂ ಅದೇ ರೂಮಿನಲ್ಲಿತ್ತು. ಅಜ್ಜಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗುವವಳು.

ಅತ್ತೆ ಮುಖ ತೊಳೆಯಲು ಹೋದಾಗ ರಶ್ಮಿ ಹೊಸ್ತಿಲ ಆಚೆಯಿಂದಲೇ ಕತ್ತು ಚಾಚಿ ನೋಡಿದಳು. ಲ್ಯಾಪ್‌ಟಾಪಿನ ಅಕ್ಷರಗಳ ಸಂದಿಯಲ್ಲಿ ಏನೋ ಸಿಕ್ಕಿಕೊಂಡಿತ್ತು. ಎರಡು ಹೆಜ್ಜೆ ಒಳಗಿಟ್ಟು ಎತ್ತಿಕೊಂಡಳು. ಕಪ್ಪು ಉಣ್ಣೆಯ ಎಳೆ!

ಅಂಬಿಕಾಳ ಸ್ವೆಟರು ಕಪ್ಪು.

ರಶ್ಮಿ ಅಂಗಳಕ್ಕೆ ಹಾರಿದಳು. ಅಂಬಿಕಾ ಬೀದಿಯ ನಾಲ್ಕು ಹುಡುಗಿಯರ ಜೊತೆ ಸ್ಕಿಪ್ಪಿಂಗ್ ಆಡುತ್ತಿದ್ದಳು, ಮೈಮೇಲೆ ಅದೇ ಕಪ್ಪು ಸ್ವೆಟರು.

"ನಮ್ಮ ಅತ್ತೆ ಲ್ಯಾಪ್‌ಟಾಪ್ ದಿನಾ ಆಫ್ ಮಾಡೋಳು ನೀನೇ ಅಲ್ಲೇನೆ?"

ಹಗ್ಗ ನಿಂತಿತು. "ಏನಂದಿ?"

"ಕದ್ದು ಗೇಮ್ ಆಡಾಕೆ ಬರ್ತೀಯ. ನೋಡು ಇಲ್ಲಿ, ನಿನ್ನ ಸ್ವೆಟರಿನ ದಾರ!"

"ನಾನಲ್ಲ ರಶ್ಮೀ. ನಾ ನಿಮ್ಮನೆ ಒಳಗೇ ಬಂದಿಲ್ಲ."

"ಕಳ್ಳಿ!"

ಹುಡುಗಿಯರೆಲ್ಲ ಅಂಬಿಕಾಳ ಕಡೆ ತಿರುಗಿದರು. ಅಂಬಿಕಾಳ ಮುಖ ಕೆಂಪಾಯಿತು. "ನಾನಲ್ಲ," ಎಂದು ಇನ್ನೊಮ್ಮೆ ಹೇಳಿದಳು. ಹಗ್ಗವನ್ನು ಕೈಗೆ ಸುತ್ತಿಕೊಳ್ಳುತ್ತ ಮೆಟ್ಟಿಲು ಹತ್ತಿ ಹೋದಳು. ಗೆದ್ದೆ ಎಂದುಕೊಂಡಳು ರಶ್ಮಿ. ಆದರೆ ರಾತ್ರಿ ರೊಟ್ಟಿ ಸೇರಲಿಲ್ಲ.

ಶನಿವಾರ ಅರ್ಧ ದಿನ ಸ್ಕೂಲು. ಅತ್ತೆ ಹನ್ನೆರಡೂವರೆಗೆ ರೆಂಡರಿಗೆ ಹಾಕಿ ಹೊರಟಳು. ಹೊರಡುವಾಗ ಎಂದಿನಂತೆ ಬಾಗಿಲಲ್ಲಿ ನಿಂತು ಹೇಳಿದಳು.

"ಹಾಕೀನಿ. ಮೂರು ತಾಸು ಬೇಕು. ಯಾರೂ ಮುಟ್ಟಬ್ಯಾಡ್ರಿ, ಅಲ್ಲಾಡಿಸಬ್ಯಾಡ್ರಿ. ಕೆಟ್ಟುಹೋಗ್ತೈತೆ."

"ಹೂನವ್ವ, ನಂಗೊತ್ತಿಲ್ಲೇನು?" ಎಂದಳು ಅಜ್ಜಿ.

ರಶ್ಮಿ ಆಟಕ್ಕೆ ಹೋಗುತ್ತೇನೆಂದು ಹೇಳಿ ಹಿತ್ತಲಿನಿಂದ ಸುತ್ತಿ ಬಂದು, ಅಜ್ಜಿ ಅಡುಗೆಮನೆಯಲ್ಲಿದ್ದಾಗ ರೂಮಿಗೆ ನುಗ್ಗಿ ಮಂಚದ ಕೆಳಗೆ ಸೇರಿಕೊಂಡಳು. ಅಂಬಿಕಾ ಬರಲಿ, ಕೈ ಹಿಡಿದು ಎಳೆದು ಬೀದಿಗೆಲ್ಲ ತೋರಿಸುತ್ತೇನೆ! ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು. ಲ್ಯಾಪ್‌ಟಾಪು ಗುಂಯ್ ಎನ್ನುತ್ತಿತ್ತು. ಮೂಗಿಗೆ ಧೂಳು ಹೋಗಿ ಸೀನು ಬಂತು, ಬಾಯಿ ಮುಚ್ಚಿ ತಡೆದುಕೊಂಡಳು.

ಬಾಗಿಲು ಕಿರ್ ಎಂದಿತು. ಒಳಗೆ ಬಂದದ್ದು ಎರಡು ಬರಿಗಾಲು. ಬಿರುಕು ಬಿಟ್ಟ ಹಿಮ್ಮಡಿ, ಹಸಿರು ಸೀರೆಯ ಅಂಚು.

ಅಜ್ಜಿ!

ರಂಗೋಲಿ ಪುಡಿ ಒರೆಸಿದ್ದು ಸುಮ್ಮನೆ ಅಲ್ಲ ಹಾಗಾದರೆ! ಊರಿಂದ ಬಂದಾಗಿನಿಂದ ಅಜ್ಜಿ ಈ ಲ್ಯಾಪ್‌ಟಾಪು ನೋಡಿ "ಏನು ಪೀಡೆ ತಂದಿಟ್ಟಳೋ" ಎಂದು ಗೊಣಗುತ್ತಿದ್ದದ್ದೂ ನೆನಪಾಯಿತು.

ಅಜ್ಜಿ ಮಂಚದ ಮೇಲಿಂದ ತನ್ನ ಕರಿ ಕಂಬಳಿ ಎತ್ತಿಕೊಂಡಳು. ಲ್ಯಾಪ್‌ಟಾಪಿಗೆ ಒಂದು ಬೆರಳೂ ತಾಗದಂತೆ ಮೆಲ್ಲಗೆ ಅದರ ಮೇಲೆ ಹೊದಿಸಿದಳು. ಹಿಂದೆ ಬಿಸಿಗಾಳಿ ಬರುವ ಕಡೆ ಇನ್ನೊಂದು ಮಡಿಕೆ ಹಾಕಿದಳು, ಬದಿಗಳನ್ನು ಸಿಕ್ಕಿಸಿದಳು. ಆಮೇಲೆ ಕೈ ಮುಗಿದು ಸಣ್ಣ ದನಿಯಲ್ಲಿ ಹೇಳಿದಳು.

"ಇವತ್ತಾದ್ರೂ ಹೆಪ್ಪಾಗವ್ವ ನಮ್ಮವ್ವ. ನನ್ನ ಮಗಳು ಅಳೋ ಹಂಗೆ ಆಗೈತೆ."

ದಿನಾ ಸಂಜೆ ಹಾಲಿಗೆ ಹೆಪ್ಪು ಹಾಕಿ, ಥಂಡಿಗೆ ಕೆಡದಿರಲೆಂದು ಪಾತ್ರೆಗೆ ಬಟ್ಟೆ ಸುತ್ತುವಾಗಲೂ ಅಜ್ಜಿ ಹೀಗೇ ಹೇಳುತ್ತಾಳೆ. ಮುಟ್ಟಬ್ಯಾಡ್ರಿ, ಅಲ್ಲಾಡಿಸಬ್ಯಾಡ್ರಿ, ಕೆಟ್ಟುಹೋಗ್ತೈತೆ. ಅತ್ತೆ ಹೇಳಿ ಹೋಗುವ ಮಾತೂ ಅದೇ ಅಲ್ಲವೇ!

"ಸಿಕ್ಕಿಬಿದ್ದೆ!" ಎಂದು ಕೂಗಬೇಕೆಂದು ಕಾದಿದ್ದವಳು ಅದನ್ನು ಮರೆತೇಬಿಟ್ಟಳು. ಅಷ್ಟರಲ್ಲಿ ಕಂಬಳಿಯೊಳಗಿನ ಫ್ಯಾನು ಕಿರುಚಲು ಶುರುಮಾಡಿತು. ರಶ್ಮಿ ಮಂಚದ ಕೆಳಗಿಂದ ತೆವಳಿ ಬಂದು ಒಂದೇ ಎಳೆತಕ್ಕೆ ಕಂಬಳಿ ಕಿತ್ತಳು.

"ಅಯ್ಯಯ್ಯೋ, ತೆಗೀಬ್ಯಾಡ ಕೂಸೇ! ಇನ್ನೂ ಹೆಪ್ಪಾಗಿಲ್ಲ!"

"ಅಜ್ಜೀ, ಅದು ಮೊಸರಲ್ಲ! ಹೊದಿಸಿದ್ರೆ ಅದಕ್ಕೆ ಉಸಿರು ಕಟ್ಟುತ್ತೆ. ಬಿಸಿ ಹೊರಗೆ ಹೋಗ್ಬೇಕು. ಇಲ್ಲಾಂದ್ರೆ ಆಫ್ ಆಗ್ತೈತೆ!"

"ಬಿಸಿ ಹೊರಗೆ ಹೋದ್ರೆ ಹೆಂಗೆ ಆಗ್ತೈತೆ? ಪಾಪ, ಹೆಂಗೆ ನಡುಗ್ತಿತ್ತು ನೋಡು ಅದು. ಬುಧವಾರ ಟವೆಲ್ ಹೊದಿಸಿದೆ, ಸಾಲಲಿಲ್ಲ. ಮರುದಿನ ದುಪ್ಪಟಿ ಹಾಕಿದೆ, ಅದೂ ಸಾಲಲಿಲ್ಲ. ಅದಕ್ಕೇ ನಿನ್ನೆ ಕಂಬಳಿ ತಂದೆ. ಬೇಗ ಸದ್ದು ನಿಂತಿತು. ಆಯ್ತು ಅಂತ ತೆಗೆದು ಮಡಚಿಟ್ಟೆ."

ರಶ್ಮಿ ಸ್ಕ್ರೀನ್ ನೋಡಿದಳು. ಹನ್ನೊಂದು ಪರ್ಸೆಂಟ್. ಹನ್ನೆರಡು. ನಿಂತಿರಲಿಲ್ಲ! ನೋಟ್‌ಬುಕ್ ತೆಗೆದುಕೊಂಡು ಗಾಳಿ ಹಾಕಲು ಕೂತಳು.

ಅಜ್ಜಿ ನಿಂತಲ್ಲೇ ನಿಂತಿದ್ದಳು. ಕಂಬಳಿ ಮಡಚುತ್ತ ಕೇಳಿದಳು. "ಹಂಗಾರೆ ಮೂರು ದಿನಾನೂ ನಾನೇ ಕೆಡಿಸಿದ್ನೇನು?"

ರಶ್ಮಿ ಗಾಳಿ ಹಾಕುತ್ತಲೇ ಇದ್ದಳು.

"ನನ್ನಿಂದ ನೀನು ಬೈಸ್ಕೊಂಡ್ಯಾ?" ಎಂದಳು ಅಜ್ಜಿ. ಟೇಬಲ್ಲಿನ ಇನ್ನೊಂದು ಬದಿಗೆ ಬಂದು, ಜ್ವರ ಬಂದ ಮಗುವಿಗೆ ಹಾಕುವಂತೆ ಸೆರಗಿನಿಂದ ಲ್ಯಾಪ್‌ಟಾಪಿಗೆ ಗಾಳಿ ಹಾಕತೊಡಗಿದಳು. ಬ್ಯಾಡ ಎಂದರೂ ಬಿಡಲಿಲ್ಲ.

ಅಜ್ಜಿಯ ಮೇಲೆ ಸಿಟ್ಟು ಬರಲಿಲ್ಲ ರಶ್ಮಿಗೆ, ಅಳು ಬಂತು. ಮಗಳ ಕೆಲಸ ಕೆಡದಿರಲೆಂದು ತನ್ನ ಕಂಬಳಿಯನ್ನೇ ಕೊಟ್ಟವಳನ್ನು ಮಂಚದ ಕೆಳಗಿಂದ ಏನೇನೋ ಅಂದುಕೊಂಡಿದ್ದಳಲ್ಲ!

ಸಂಜೆ ಅತ್ತೆ ಚಪ್ಪಲಿ ಬಿಡುವ ಮೊದಲೇ ಅಜ್ಜಿ ಬಾಗಿಲಿಗೆ ಹೋದಳು.

"ಸುನೀತಾ, ತಪ್ಪು ನಂದು. ಕೂಸಿಗೆ ಏನೂ ಅನಬ್ಯಾಡ."

ಕಂಬಳಿಯ ಕತೆ ಕೇಳಿ ಅತ್ತೆ ಮೊದಲು ಬಾಯಿ ತೆರೆದು ನಿಂತಳು. ಆಮೇಲೆ ನಕ್ಕಳು, ಹೊಟ್ಟೆ ಹಿಡಿದುಕೊಂಡು ನಕ್ಕಳು. "ಯವ್ವಾ, ಮದುವೆಗೆ ಹೆಪ್ಪು ಹಾಕಿದ್ಯಲ್ಲೇ!" ಎನ್ನುತ್ತ ರೂಮಿಗೆ ಓಡಿದಳು. ನೂರು ಪರ್ಸೆಂಟ್ ಆಗಿತ್ತು. ಗಂಡು ತಾಳಿ ಕಟ್ಟಿದ್ದ, ಅಕ್ಕಿಕಾಳು ಬಿದ್ದಿದ್ದವು, ಅಜ್ಜನ ಎಲೆಯ ಮೇಲೆ ಹೋಳಿಗೆಯ ಗುಡ್ಡವೇ ಎದ್ದಿತ್ತು.

ಅತ್ತೆ ತಾನೇ ಅಡುಗೆಮನೆಗೆ ಹೋಗಿ ಸ್ಟೂಲು ತಂದು ಪಕ್ಕಕ್ಕೆ ಹಾಕಿದಳು. ರಶ್ಮಿ ಕೂತಳು.

"ಅಲ್ಲ ಕಣೆ, ನೀನಲ್ಲ ಅಂದ್ರೆ ಸರಿಯಾಗಿ ಹೇಳಬಾರದಿತ್ತೇನು?"

"ಹೇಳಿದ್ದೆ ಅತ್ತೆ," ಎಂದಳು ರಶ್ಮಿ. "ಬುಧವಾರ ಹೇಳಿದೆ. ಗುರುವಾರ ಹೇಳಿದೆ. ನಿನ್ನೆನೂ ಹೇಳಿದೆ."

ಅತ್ತೆಯ ನಗು ನಿಂತಿತು. ಡ್ರ್ಯಾಗನ್ ಮುಚ್ಚಳದ ಮೇಲೆ ಬೆರಳಾಡಿಸಿದಳು. "ಹೌದು. ನೀ ಹೇಳಿದ್ದೆ," ಎಂದಳು. "ನಾನೇ ಕೇಳಲಿಲ್ಲ. ತಪ್ಪಾಯ್ತು ರಶ್ಮೀ. ನಾಳೆ ನೀನೇ ಪ್ಲೇ ಒತ್ತಬೇಕು, ಆಯ್ತಾ?"

ರಶ್ಮಿಗೆ ಕುಣಿಯುವಷ್ಟು ಖುಷಿಯಾಗಬೇಕಿತ್ತು, ಆಗಲಿಲ್ಲ. ತಾನೂ ಒಬ್ಬಳ ಮಾತು ಕೇಳಿಸಿಕೊಂಡಿರಲಿಲ್ಲ. ಅದೂ ನಾಲ್ಕು ಜನರ ಮುಂದೆ.

ಭಾನುವಾರ ಬೆಳಗ್ಗೆ ಅತ್ತೆ ಪೆನ್‌ಡ್ರೈವ್ ಪರ್ಸಿನಲ್ಲಿಟ್ಟುಕೊಂಡು ಗೇಟಿನ ಹತ್ತಿರ ನಿಂತಿದ್ದಳು. ಹೊಸ ಲಂಗ ಉಟ್ಟ ರಶ್ಮಿ ಮೆಟ್ಟಿಲ ಕೆಳಗೆ ನಿಂತುಬಿಟ್ಟಳು.

"ಬಾರೆ, ಹರಿಹರದ ಬಸ್ಸು ತಪ್ಪಿಸ್ತೀಯ!"

"ಇನ್ನೊಂದು ಬರುತ್ತಲ್ಲ ಅತ್ತೆ. ಒಂದು ನಿಮಿಷ."

ಹದಿನಾರು ಮೆಟ್ಟಿಲು. ದಿನಾ ಎರಡೆರಡು ಹಾರಿ ಹತ್ತುತ್ತಿದ್ದವಳು ಇವತ್ತು ಒಂದೊಂದೇ ಹತ್ತಿದಳು. ಬಾಗಿಲು ತಟ್ಟಿದಳು. ಕದ ಗೇಣಷ್ಟು ತೆರೆಯಿತು. ಸಂದಿಯಲ್ಲಿ ಅಂಬಿಕಾಳ ಅರ್ಧ ಮುಖ. ಚಳಿಯಿದ್ದರೂ ಮೈಮೇಲೆ ಸ್ವೆಟರು ಇರಲಿಲ್ಲ.

"ಮತ್ತೇನು ಕೆಡ್ತು ನಿಮ್ಮನ್ಯಾಗೆ?" ಎಂದಳು ಅಂಬಿಕಾ.

"ಏನೂ ಕೆಟ್ಟಿಲ್ಲ." ರಶ್ಮಿ ಕದದ ಅಂಚು ಹಿಡಿದಳು. "ಅದು ನೀನಲ್ಲ ಅಂತ ಹೇಳಾಕೆ ಬಂದೆ."

"ಅದು ನಂಗೆ ಗೊತ್ತು."

ರಶ್ಮಿ ಕಟ್ಟಿಕೊಂಡು ಬಂದಿದ್ದ ಮಾತೆಲ್ಲ ಅಲ್ಲಿಗೇ ಮುಗಿದುಹೋಯಿತು. ಅಜ್ಜಿಯ ಕಂಬಳಿಯ ಕತೆ ಹೇಳಿ ನಗಿಸಬೇಕೆಂದುಕೊಂಡಿದ್ದಳು, ಅದನ್ನೂ ಹೇಳಲಿಲ್ಲ. ಕೆಳಗೆ ಅತ್ತೆ ಇನ್ನೊಮ್ಮೆ ಕೂಗಿದಳು. ಅಂಬಿಕಾ ಕದ ಮುಚ್ಚಲೂ ಇಲ್ಲ, ತೆರೆಯಲೂ ಇಲ್ಲ.

"ಆ ಹುಡುಗೀರು ನಾಲ್ಕೂ ಜನ ಎಲ್ಲಿರ್ತಾರೆ ಈಗ?" ಎಂದು ಕೇಳಿದಳು ರಶ್ಮಿ.

"ಯಾಕ?"

"ಅವರಿಗೂ ಹೇಳ್ಬೇಕು."

ಅಂಬಿಕಾ ಅವಳ ಹೊಸ ಲಂಗ ನೋಡಿದಳು, ಗೇಟಿನ ಹತ್ತಿರ ಕಾಯುತ್ತಿದ್ದ ಅತ್ತೆಯನ್ನು ನೋಡಿದಳು.

"ಮೂಲೆಮನೆ ಕಟ್ಟೆ ಮೇಲೆ ಅದಾರೆ," ಎಂದಳು. ಆಮೇಲೆ ಚಪ್ಪಲಿ ಹುಡುಕಲು ಒಳಗೆ ತಿರುಗಿದಳು.